ರೋಸ್ವಿತಾ ಮೇಡಂಗೆ ಸನ್ಮಾನ

ಶುಕ್ರವಾರ ಬೆಳಗ್ಗೆ ದುಗ್ಗಣ್ಣನ ಅಂಗಡಿಯ ಡ್ರೈವರ್ ಬಂದು ಕಂದು ಕಾಗದದಲ್ಲಿ ಸುತ್ತಿದ ಫ್ರೇಮನ್ನು ಕೊಟ್ಟು ಹೋದಾಗಿನಿಂದ ವತ್ಸಲಾಗೆ ಅಲ್ ಗರಾಫಾದ ತನ್ನ ಮನೆಯಲ್ಲೇ ಕೂರುವುದಕ್ಕೊಂದು ಜಾಗ ಸಿಗದಂತಾಯಿತು. ಸೋಫಾದ ಮೇಲಿಟ್ಟರೆ ಸೋಫಾದಲ್ಲಿ ಕೂರಲಾಗದು, ಊಟದ ಮೇಜಿನ ಮೇಲಿಟ್ಟರೆ ಅಲ್ಲಿ ಹುರುಳಿಕಾಯಿ ಹೆಚ್ಚಲಾಗದು. ಕೊನೆಗೆ ಅದನ್ನು ಕೋಣೆಯ ಬಾಗಿಲ ಹಿಂದೆ ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿದಳು, ತಪ್ಪು ಮಾಡಿದ ಹುಡುಗಿಯನ್ನು ಕ್ಲಾಸಿನಲ್ಲಿ ನಿಲ್ಲಿಸುವ ಹಾಗೆ. ತಪ್ಪು ಮಾಡಿದವಳು ಯಾರೆಂದು ಅವಳಿಗೆ ಗೊತ್ತಿಲ್ಲದೆ ಏನಿಲ್ಲ. ಮೇಲೆ ಚಿನ್ನದ ಬಣ್ಣದಲ್ಲಿ ‘ಸನ್ಮಾನ ಪತ್ರ’, ಕೆಳಗೆ ‘ಅಧ್ಯಕ್ಷರು ಮತ್ತು ಸರ್ವ ಸದಸ್ಯರು’, ನಡುವೆ ಹದಿನಾರು ಸಾಲು. ಆ ಹದಿನಾರೂ ಅವಳವೇ. ಮಧ್ಯಾಹ್ನ ಮೂರಕ್ಕೆ ಉಮ್ಮ್ ಸಲಾಲ್ ಕಡೆಯ ಒಂದು ಶಾಲೆಯ ಮೈದಾನದಲ್ಲಿ ಕನ್ನಡ ಬಳಗದ ಕ್ರೀಡಾಕೂಟ. ಅದು ಮುಗಿದ ಮೇಲೆ ಅವಳೇ ಅದನ್ನು ಮೈಕಿನಲ್ಲಿ ಓದಬೇಕು. ಸನ್ಮಾನ ಮಾಡಿಸಿಕೊಳ್ಳುವವಳು ರೋಸ್ವಿತಾ. ಒಂದು ಕಾಲಕ್ಕೆ ಪೂರ್ವ ಜರ್ಮನಿಯ ನೂರು ಮೀಟರಿನ ಓಟಗಾರ್ತಿ, ಈಗ ದೋಹಾದ ಹೆಣ್ಣುಮಕ್ಕಳ ಕ್ರೀಡಾ ಕೇಂದ್ರದಲ್ಲಿ ಕೋಚ್. ಅದೇ ಕೇಂದ್ರದ ಆಫೀಸಿನಲ್ಲಿ ವತ್ಸಲಾ ಸೆಕ್ರೆಟರಿ. ‘ನನ್ನ ಹಳೆಯ ಓಟದ ಮಾತು ಯಾರೂ ಎತ್ತಬಾರದು’ ಎಂಬ ಒಂದೇ ಶರತ್ತಿನ ಮೇಲೆ ಆಕೆ ಬರಲು ಒಪ್ಪಿದ್ದಳು. ‘ಪ್ರಾಮಿಸ್?’ ಎಂದು ಕೇಳಿದ್ದಳು. ವತ್ಸಲಾ ‘ಪ್ರಾಮಿಸ್’ ಎಂದಿದ್ದಳು. ಹದಿನಾರು ಸಾಲಿನಲ್ಲಿ ಹನ್ನೆರಡು ಹಳೆಯ ಓಟದ್ದೇ.

ಸ್ನಾನ ಮುಗಿಸಿ ಬಂದ ಗಂಡ ವೆಂಕಟರಾಮು ಫ್ರೇಮನ್ನು ತಿರುಗಿಸಿ ಕಾಗದ ಬಿಚ್ಚಿ, ತಲೆ ಒರೆಸಿಕೊಳ್ಳುತ್ತಲೇ ಗಟ್ಟಿಯಾಗಿ ಓದತೊಡಗಿದ. “‘ಮಿಂಚನ್ನೇ ನಾಚಿಸಿದ ಮಾನಿನಿ’! ಭಲೇ. ಹದಿನೈದು ವರ್ಷ ಸಂಸಾರ ಮಾಡಿದೀನಿ, ನನ್ ಬಗ್ಗೆ ಹೀಗೆ ಒಂದು ಸಾಲು ಬರೀಲಿಲ್ಲವಲ್ಲೇ ನೀನು.”

“ಅದನ್ನ ಅಲ್ಲೇ ಇಡಿ ಅಂದ್ರೆ,” ಎಂದಳು ವತ್ಸಲಾ. ದನಿ ಬೇಕಾದ್ದಕ್ಕಿಂತ ಹೆಚ್ಚು ಏರಿತು. ಗಂಡ ಅವಳ ಮುಖವನ್ನೊಮ್ಮೆ ನೋಡಿ, ಸಭೆಯ ಭಯವಿರಬೇಕೆಂದುಕೊಂಡು, “ಚೆನ್ನಾಗಿ ಓದ್ತೀಯ ಬಿಡು,” ಎಂದು ಸಮಾಧಾನ ಮಾಡಿ ಕಾಫಿ ಬೆರೆಸಿಕೊಳ್ಳಲು ಹೋದ.

ಮೊದಲು ಅವಳು ಬರೆದದ್ದು ನಾಲ್ಕೇ ಸಾಲು. ಮೂರು ವರ್ಷದಿಂದ ಇಲ್ಲಿಯ ಹುಡುಗಿಯರಿಗೆ ಓಡಲು ಕಲಿಸುತ್ತಿರುವ ರೋಸ್ವಿತಾ ಅವರಿಗೆ ಬಳಗದ ಪ್ರೀತಿಯ ವಂದನೆಗಳು, ಅಷ್ಟೆ. ಮಂಗಳವಾರ ಆಫೀಸು ಬಿಡುವ ಹೊತ್ತಿಗೆ ಬಳಗದ ಅಧ್ಯಕ್ಷ ದುಗ್ಗಣ್ಣ ಬಂದರು. ಕೇಂದ್ರದೊಳಗೆ ಗಂಡಸರನ್ನು ಬಿಡುವುದಿಲ್ಲವಾದ್ದರಿಂದ ಗೇಟಿನ ಹೊರಗೆ ಪಿಕಪ್ ನಿಲ್ಲಿಸಿಕೊಂಡು, ಆ ನಾಲ್ಕು ಸಾಲಿನ ಹಾಳೆಯನ್ನು ಕಿಟಕಿಯಿಂದ ಹೊರಗೆ ಅಲ್ಲಾಡಿಸುತ್ತ ಕೂತಿದ್ದರು. ಕಾಪು ಕಡೆಯವರು, ಇಲ್ಲಿ ಏಸಿ ರಿಪೇರಿಯ ಅಂಗಡಿ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ ಈ ನಾಲ್ಕನ್ನೂ ಹೊರಿಸದೆ ಯಾವ ಅತಿಥಿಯನ್ನೂ ವೇದಿಕೆಯಿಂದ ಇಳಿಯಲು ಬಿಟ್ಟವರಲ್ಲ. “ಇದೆಂತದ್ದು ವತ್ಸಲಕ್ಕ? ಲೀವ್ ಲೆಟರ್ ಇದಕ್ಕಿಂತ ಉದ್ದ ಇರ್ತದೆ ಮಾರಾಯ್ರೆ.”

“ಅವ್ರಿಗೆ ಅದೆಲ್ಲ ಇಷ್ಟ ಇಲ್ಲ ದುಗ್ಗಣ್ಣ. ಸಿಂಪಲ್ಲಾಗಿರ್ಲಿ ಅಂದಿದಾರೆ.”

“ದೊಡ್ಡವರು ಎಲ್ಲ ಹಾಗೆಯೇ ಹೇಳುದು. ನಾವು ಕೇಳ್ಲಿಕ್ಕುಂಟಾ? ಶಾಲು ಹೊದೆಸ್ಲಿಕ್ಕೆ ಒಂದು ಕಾರಣ ಬೇಡ್ವಾ? ಇಗೊಳ್ಳಿ, ನನ್ನ ಮಗಳು ಇಂಟರ್ನೆಟ್ಟಿಂದ ತೆಗ್ದು ಕೊಟ್ಟದ್ದು. ಮೆಡಲ್ ಎಷ್ಟುಂಟು ನೋಡಿ! ನೀವು ಮೈಸೂರಿನವರು, ನಿಮ್ಮ ಹಾಗೆ ಕನ್ನಡ ನಮ್ಗೆ ಯಾರಿಗೆ ಬರ್ತದೆ? ಒಮ್ಮೆ ಕೈ ಬಿಚ್ಚಿ ಬರೆಯಿರಿ.”

ಮಾತು ಕೊಟ್ಟಿದ್ದೇನೆ, ಆಗುವುದಿಲ್ಲ ಎಂದು ಅಲ್ಲೇ ಹೇಳಿಬಿಡಬೇಕಿತ್ತು. ಹೇಳಲು ಬಾಯಿ ತೆರೆದವಳು “ನೋಡ್ತೀನಿ ಕೊಡಿ” ಎಂದಳು. ಹೊಗಳಿಕೆ ಅಷ್ಟು ಬೇಗ ಅವಳನ್ನು ಕೊಂಡುಕೊಂಡಿತ್ತು. ಬಳಗದಲ್ಲಿ ಮುಕ್ಕಾಲು ಜನ ತಮ್ಮ ತಮ್ಮಲ್ಲಿ ತುಳು ಮಾತಾಡಿಕೊಂಡು ನಗುವಾಗ ಪಾಯಸದ ಲೋಟ ಹಿಡಿದು ಸುಮ್ಮನೆ ನಗುಮುಖ ಮಾಡಿ ನಿಲ್ಲುವವಳು ಅವಳು. ಮೈಕಿನ ಮುಂದೆ ಮಾತ್ರ ಅವಳಿಗೊಂದು ಬೆಲೆ. ಇನ್ನೂ ನಾಚಿಕೆಗೇಡಿನ ಮಾತೆಂದರೆ ಆ ಹನ್ನೆರಡು ಸಾಲು ಬರೆಯುವಾಗ ಅವಳಿಗೆ ಸಂತೋಷವಾಗಿತ್ತು. ಅರ್ಧ ಗಂಟೆಯಲ್ಲಿ ಬರೆದು, ತಾನೇ ಎರಡು ಸಲ ಓದಿಕೊಂಡು, ‘ಮಾನಿನಿ’ ಚೆನ್ನಾಗಿ ಕೂತಿತೆಂದು ತಲೆದೂಗಿದ್ದಳು. ರೋಸ್ವಿತಾಗೆ ಕನ್ನಡ ಬಾರದು, ಏನು ಓದಿದರೆ ಆಕೆಗೇನು ತಿಳಿಯುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ, ಆಕೆ ನಗುತ್ತಾಳೆ, ಖಲಾಸ್. ಹೀಗೆ ಮನಸ್ಸಿನಲ್ಲಿ ಒಂದು ಪರದೆ ಎಳೆದುಕೊಂಡು ಫ್ರೇಮಿಗೆ ಕಳಿಸಿದ್ದಳು. ಅದೇ ಪರದೆ ಇವತ್ತು ಬೆಳಗ್ಗೆಯಿಂದ ನಿಲ್ಲುತ್ತಿಲ್ಲ.

ಹುರುಳಿಕಾಯಿ ಹೆಚ್ಚುತ್ತಿದ್ದವಳಿಗೆ ಸ್ಪೈಕ್ ಬೂಟಿನ ತಳದ ವಾಸನೆ ಬಂತು. ಹೋದ ರಂಜಾನ್ ತಿಂಗಳ ಒಂದು ಮಧ್ಯಾಹ್ನ, ಕಲಿಯುವ ಹುಡುಗಿಯರು ಯಾರೂ ಇಲ್ಲ, ಸ್ಟೋರ್ ರೂಮಿನ ನೆಲದ ಮೇಲೆ ರೋಸ್ವಿತಾ ಕಾಲು ಚಾಚಿ ಕೂತು ಬೂಟುಗಳ ತುಕ್ಕು ಹಿಡಿದ ಮೊಳೆಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದಾಳೆ. ಎತ್ತರದ ಹೆಂಗಸು, ಅಗಲ ಭುಜ, ಗಂಡಸರದೆನ್ನಿಸುವ ದನಿ. ತಡೆತಡೆದು ಆಡುವ ಇಂಗ್ಲಿಷಿನಲ್ಲಿ ತನ್ನೂರಿನ ಶಾಲೆಯ ಮಾತು ತೆಗೆದಳು. ಅಲ್ಲೊಂದು ಗಾಜಿನ ಬೀರುವಿದೆಯಂತೆ, ಅದರಲ್ಲಿ ತನ್ನ ಬೂಟು, ಫೋಟೋ, 11.14 ಸೆಕೆಂಡ್ ಎಂದು ಬರೆದ ಚೀಟಿ. ತಾನೇ ಹೋಗಿ ಅದನ್ನು ತೆಗೆದುಬಿಡಿ ಎಂದು ಕೇಳಿದಳಂತೆ. ನೀವು ನಮ್ಮ ಹೆಮ್ಮೆ, ಹೇಗೆ ತೆಗೆಯುವುದು ಎಂದು ನಕ್ಕರಂತೆ. “ನಾನು ಮಾತ್ರೆ ನುಂಗಿ ಓಡಿದವಳು. ಹದಿನೈದನೇ ವಯಸ್ಸಿಗೆ ವಿಟಮಿನ್ ಅಂತ ಕೊಟ್ಟರು.”

“ಪಾಪ, ಆಗ ನೀವಿನ್ನೂ ಮಗು,” ಎಂದಿದ್ದಳು ವತ್ಸಲಾ.

ರೋಸ್ವಿತಾ ಕೈಯಲ್ಲಿದ್ದ ಬೂಟನ್ನು ಕೆಳಗಿಟ್ಟಳು. “ಎಲ್ಲರೂ ನನಗೆ ಇದನ್ನೇ ಹೇಳುತ್ತಾರೆ. ಹದಿನೈದಕ್ಕೆ ಮಗು, ಸರಿ. ಹದಿನೆಂಟಕ್ಕೆ ನನ್ನ ದನಿ ಹೀಗಾಯಿತು. ಆಗ ನನಗೆ ಗೊತ್ತಾಯಿತು. ಆಮೇಲೂ ನಾಲ್ಕು ವರ್ಷ ನುಂಗಿದೆ. ಗೆಲ್ಲುವುದು ಇಷ್ಟವಿತ್ತು. ಪ್ರತಿ ಸಲ ನನ್ನ ಹಿಂದೆ ಒಬ್ಬಳು ಬರುತ್ತಿದ್ದಳು. ನನಗೇನೂ ಗೊತ್ತಿರಲಿಲ್ಲ ಎಂದುಬಿಟ್ಟರೆ ಕೇಳುವವರಿಗೂ ಸಮಾಧಾನ. ಆದರೆ ನನಗೆ ಗೊತ್ತಿತ್ತು, ವತ್ಸಲಾ.”

ಅಲ್ಲಿ ಆ ಗಳಿಗೆಯಲ್ಲಿ ವತ್ಸಲಾಳ ನಾಲಿಗೆಯ ತುದಿಗೆ ಒಂದು ಹೆಸರು ಬಂದಿತ್ತು. ಅವಳು “ಟೀ ತರಲಾ?” ಎಂದು ಕೇಳಿ ಎದ್ದು ಹೋಗಿದ್ದಳು. ಹೆಸರು ಪುಟ್ಟಮ್ಮ. ಎಚ್.ಡಿ. ಕೋಟೆ ಕಡೆಯ ಯಾವುದೋ ಹಾಡಿಯಿಂದ ಬಂದ ಹಾಸ್ಟೆಲ್ ಹುಡುಗಿ, ಬರಿಗಾಲು, ಯಾರದೋ ದೊಡ್ಡ ಚಡ್ಡಿಯನ್ನು ಸೊಂಟಕ್ಕೆ ಲಾಡಿಯಿಂದ ಬಿಗಿದುಕೊಂಡಿದ್ದಳು. ಮೈಸೂರಿನಲ್ಲಿ ಜಿಲ್ಲಾ ಮಟ್ಟದ ಕ್ರೀಡಾಕೂಟ, ಎಂಬತ್ತೊಂದನೆಯ ಇಸವಿಯ ಡಿಸೆಂಬರ್, ಹದಿನಾಲ್ಕರ ಒಳಗಿನವರ ನೂರು ಮೀಟರ್. ಸಾಲಿನಲ್ಲಿ ನಿಂತಾಗ ಪುಟ್ಟಮ್ಮನ ತಲೆ ವತ್ಸಲಾಳ ಭುಜಕ್ಕೆ ಬರುತ್ತಿತ್ತು. ಬರದೆ ಏನು? ವತ್ಸಲಾಗೆ ಆಗ ಹದಿನೈದು ತುಂಬಿತ್ತು. ಹೈಸ್ಕೂಲಿಗೆ ಸೇರುವಾಗಲೇ ಡ್ರಿಲ್ ಮೇಷ್ಟ್ರು ಅವಳ ಅಪ್ಪನ ಕಿವಿಯಲ್ಲಿ, “ಎರಡು ವರ್ಷ ಕಮ್ಮಿ ಬರೆಸಿ ಸ್ವಾಮಿ, ಎಲ್ರೂ ಮಾಡೋದೇ, ಹುಡುಗಿ ಸ್ಟೇಟ್ ಲೆವೆಲ್ಲಿಗೆ ಹೋಗ್ತಾಳೆ” ಎಂದಿದ್ದರು. ಬರೆಸಿದಾಗ ಅವಳಿಗೆ ಗೊತ್ತಿರಲಿಲ್ಲ. ಓಡಿದಾಗ ಗೊತ್ತಿತ್ತು. ಪುಟ್ಟಮ್ಮನಿಗಿಂತ ಒಂದು ಮೊಳದಷ್ಟು ಮುಂದೆ ಬಂದು ಗೆದ್ದಳು. ಮೊದಲು ಬಂದವಳಿಗೆ ಮಾತ್ರ ಬೆಂಗಳೂರಿನ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು. ಹೋದಳು, ಊಟ ಸೇರಲಿಲ್ಲ, ಅಮ್ಮನ ನೆನಪಾಯಿತು, ಎಂಟು ತಿಂಗಳಿಗೆ ಪೆಟ್ಟಿಗೆ ಕಟ್ಟಿಕೊಂಡು ವಾಪಸು ಬಂದಳು. ಸೀಟು ಆ ವರ್ಷವಿಡೀ ಖಾಲಿ ಉಳಿಯಿತು. ಪುಟ್ಟಮ್ಮ ಏನಾದಳೆಂದು ಅವಳು ಯಾರನ್ನೂ ಕೇಳಲಿಲ್ಲ. ಕೇಳಿದರೆ ಯಾರಾದರೂ ಹೇಳಿಬಿಟ್ಟಾರೆಂಬ ಭಯ. ಅಂದು ತಪ್ಪಿಸಿದ ಎರಡು ವರ್ಷ ಎಸ್ಸೆಸ್ಸೆಲ್ಸಿ ಪಟ್ಟಿಗೆ ಹತ್ತಿ, ಅಲ್ಲಿಂದ ಪಾಸ್‌ಪೋರ್ಟಿಗೆ ಹತ್ತಿ, ಕತಾರಿನ ಗುರುತಿನ ಚೀಟಿಯವರೆಗೂ ಅವಳ ಜೊತೆಗೇ ಬಂದಿದೆ. ಹೋದ ಜುಲೈಯಲ್ಲಿ ಆಫೀಸಿನವರು ಮೂವತ್ತೊಂಬತ್ತೆಂದು ಬರೆದ ಕೇಕು ಕತ್ತರಿಸಿದಾಗ ನಲವತ್ತೊಂದರ ವತ್ಸಲಾ ಬಾಯಿ ತೆರೆದು ಕೇಕು ತಿಂದಳು. ಗಂಡನಿಗೆ ಇದೊಂದು ತಮಾಷೆ. “ನಮ್ಮನೆಯವಳಿಗೆ ಸರ್ಕಾರವೇ ಎರಡು ವರ್ಷ ರಿಯಾಯಿತಿ ಕೊಟ್ಟಿದೆ,” ಎಂದು ನೆಂಟರ ಮುಂದೆ ಹೇಳುತ್ತಾನೆ. ಪುಟ್ಟಮ್ಮನ ಸುದ್ದಿ ಮಾತ್ರ ಅವನಿಗೂ ಹೇಳಿಲ್ಲ.

ಮೂರು ಗಂಟೆಗೆ ಮೈದಾನದಲ್ಲಿ ಜನವರಿಯ ಗಾಳಿ ಶಾಮಿಯಾನವನ್ನು ಎತ್ತಿ ಎತ್ತಿ ಬಡಿಯುತ್ತಿತ್ತು. ರೋಸ್ವಿತಾ ತನ್ನ ಹಳೆಯ ಕಾರಿನಲ್ಲಿ ಎಲ್ಲರಿಗಿಂತ ಮೊದಲೇ ಬಂದಿದ್ದಳು. ಕೊರಳಲ್ಲಿ ಸೀಟಿ, ಕೈಯಲ್ಲಿ ಸ್ಟಾಪ್‌ವಾಚು. ಮುಖ್ಯ ಅತಿಥಿಯೆಂದರೆ ಕುರ್ಚಿಯಲ್ಲಿ ಕೂತಿರಬೇಕೆಂದು ಆಕೆಗೆ ಯಾರೂ ಹೇಳಿರಲಿಲ್ಲ, ಹೇಳಿದ್ದರೂ ಕೇಳುವವಳಲ್ಲ. ಸುಣ್ಣದ ಗೆರೆ ಸೊಟ್ಟಗಿದೆಯೆಂದು ತಾನೇ ಮತ್ತೆ ಎಳೆದಳು. ಐದು ವರ್ಷದ ಮಕ್ಕಳಿಗೆ ಮಂಡಿಯೂರಿ ಕೂತು, ಬೆರಳು ಎಲ್ಲಿಡಬೇಕು, ಕಣ್ಣು ಎಲ್ಲಿರಬೇಕು ಎಂದು ತೋರಿಸಿಕೊಟ್ಟಳು. ಕೊನೆಯಲ್ಲಿ ಬಂದು ಅಳುತ್ತಿದ್ದ ಒಬ್ಬಳ ಜೊತೆ ತಾನೂ ಇನ್ನೊಂದು ಸಲ ಓಡಿ, ಬೇಕೆಂತಲೇ ಸೋತಳು. ನಿಂಬೆಹಣ್ಣು ಚಮಚದ ಓಟದಲ್ಲಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡ ಹೆಂಗಸರನ್ನು ನೋಡಿ ಆಕೆ ನಕ್ಕ ನಗು ಶಾಮಿಯಾನದವರೆಗೆ ಕೇಳಿಸಿತು. ಇಷ್ಟು ಹಗುರಾಗಿ ಆಕೆಯನ್ನು ವತ್ಸಲಾ ಆಫೀಸಿನಲ್ಲಿ ಒಂದು ದಿನವೂ ಕಂಡಿರಲಿಲ್ಲ. ಆ ನಗುವಿಗೆ ಹೆದರಿ, ವೇದಿಕೆಯ ಪಕ್ಕದಲ್ಲಿ ನಿಂತು, ಹನ್ನೆರಡು ಸಾಲು ಹಾರಿಸಿ ಓದುವುದೆಂದು ಕೊನೆಗೂ ತೀರ್ಮಾನ ಮಾಡಿಕೊಂಡಳು. ಮೊದಲ ಎರಡು, ಕೊನೆಯ ಎರಡು. ದುಗ್ಗಣ್ಣ ಕೇಳಿದರೆ ಗಾಳಿಗೆ ಕಣ್ಣು ಮಂಜಾಯಿತೆನ್ನುವುದು. ತೀರ್ಮಾನವಾದ ಮೇಲೆ ಬೆಳಗ್ಗೆಯಿಂದ ಮೊದಲ ಸಲ ಹಸಿವಾಯಿತು.

ವೇದಿಕೆಯ ಮೇಲೆ ರೋಸ್ವಿತಾಳನ್ನು ಕೂರಿಸಿ ದುಗ್ಗಣ್ಣ ಶಾಲು ಹೊದಿಸಿದರು, ಹಾರ ಹಾಕಿದರು, ಪೇಟ ಇಟ್ಟರು. ಪೇಟ ಚಿಕ್ಕದಾಗಿ ತಲೆಯ ಮೇಲೆ ನಿಲ್ಲದೆ ಆಕೆ ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಮಕ್ಕಳ ಕಡೆ ನೋಡಿ ಕಣ್ಣು ಮಿಟುಕಿಸಿದಳು. ವತ್ಸಲಾಳ ಮಗಳು ಜಾಹ್ನವಿ, ಹನ್ನೊಂದು ವರ್ಷದವಳು, ರೇಷ್ಮೆ ಲಂಗ ಉಟ್ಟು ಹಣ್ಣಿನ ಬುಟ್ಟಿ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ವತ್ಸಲಾ ಫ್ರೇಮು ಹಿಡಿದು ಮೈಕಿನ ಮುಂದೆ ಬಂದಳು. ಒಂದನೆಯ ಸಾಲು ಓದಿದಳು. ತನ್ನ ದನಿ ಸ್ಪೀಕರುಗಳಲ್ಲಿ ತುಂಬಿ ಮೈದಾನದ ಆಚೆಗೆ ಹೋಗಿ ಬರುವುದು ಕೇಳಿಸಿತು. ಎರಡನೆಯದು ಓದಿದಳು. ತುಳು ಮಾತು ನಿಂತಿತು, ಉಪ್ಪಿಟ್ಟಿನ ತಟ್ಟೆಗಳು ನಿಂತವು, ಎಲ್ಲರೂ ಅವಳ ಕಡೆ ನೋಡಿದರು. ‘ಮಿಂಚನ್ನೇ ನಾಚಿಸಿದ ಮಾನಿನಿ’ ಮೂರನೆಯದು. ಹಾರಿಸಬೇಕಾದ ಜಾಗ ಅದೇ ಎಂದು ಗೊತ್ತಿದ್ದೂ ಬಾಯಿ ಅದನ್ನು ಹೇಳಿಬಿಟ್ಟಿತು, ಯಾರೋ ‘ಆಹಾ’ ಎಂದರು, ಆಮೇಲೆ ಅವಳು ನಿಲ್ಲಲಿಲ್ಲ. ಕನ್ನಡದ ಮರೆಯಲ್ಲಿದ್ದೇನೆಂದುಕೊಂಡೇ ಓದುತ್ತ ಹೋದಳು. ಐದನೆಯ ಸಾಲಿಗೆ ಬಂದಾಗ ತನ್ನ ಬಾಯಿಂದ ಹೊರಡುತ್ತಿರುವುದು ಏನೆಂದು ಕಿವಿಗೆ ಬಿತ್ತು. “ಹಂಡ್ರೆಡ್ ಮೀಟರ್ಸ್ ಓಟದಲ್ಲಿ ನೈನ್ಟೀನ್ ಎಯ್ಟಿ ಒನ್ನರಲ್ಲಿ ಡ್ರೆಸ್ಡೆನ್ ನಗರದಲ್ಲಿ ಇಲೆವೆನ್ ಪಾಯಿಂಟ್ ಒನ್ ಫೋರ್ ಸೆಕೆಂಡ್ಸ್‌ನ ಮೀಟ್ ರೆಕಾರ್ಡ್ ಸ್ಥಾಪಿಸಿ ಗೋಲ್ಡ್ ಮೆಡಲ್...” ಮಾನಿನಿಯೊಬ್ಬಳೇ ಕನ್ನಡದವಳು. ಉಳಿದದ್ದೆಲ್ಲ, ಇಸವಿ, ಊರು, ವೇಳೆ, ಪದಕ, ನಾವು ಎಂದೂ ಕನ್ನಡದಲ್ಲಿ ಹೇಳದ ಮಾತುಗಳು. ಮರೆಯೆಂದುಕೊಂಡದ್ದು ತೂತುಗಳೇ ಆಗಿದ್ದವು, ಒಂದೊಂದರಿಂದಲೂ ಆಕೆಗೆ ಕಾಣಬೇಕಾದದ್ದೆಲ್ಲ ಕಾಣುತ್ತಿತ್ತು. ವತ್ಸಲಾ ತಲೆ ಎತ್ತಲಿಲ್ಲ. ಹದಿನಾರನೆಯ ಸಾಲಿನವರೆಗೂ ಓದಿಯೇ ಮುಗಿಸಿದಳು.

ಚಪ್ಪಾಳೆ ನಿಲ್ಲುವ ಮೊದಲೇ ರೋಸ್ವಿತಾ ಎದ್ದು ಪಕ್ಕಕ್ಕೆ ಬಂದಿದ್ದಳು. ಪೇಟ ಕುರ್ಚಿಯ ಮೇಲೆ ಉಳಿದಿತ್ತು. ಮುಖದಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ವತ್ಸಲಾ ತಡೆದುಕೊಳ್ಳುತ್ತಿದ್ದಳು. “ನೀನು ಮಾತು ಕೊಟ್ಟಿದ್ದೆ,” ಎಂದಳು ಮೆಲ್ಲಗೆ.

“ಅವರು ಕೇಳಿದರು... ಸಾರಿ ರೋಸ್ವಿತಾ, ಅವರು ಬಹಳ...”

“ಸರಿ. ಅರ್ಧ ಹೇಳಿದೆ. ಈಗ ಉಳಿದ ಅರ್ಧ ಹೇಳು. ನನ್ನ ಇಂಗ್ಲಿಷ್ ಇವರಲ್ಲಿ ವಯಸ್ಸಾದವರಿಗೆ ಅರ್ಥವಾಗುವುದಿಲ್ಲ, ನಿಮ್ಮ ಭಾಷೆಯಲ್ಲಿ ನೀನೇ ಹೇಳು. ಈ ಮೆಡಲ್‌ಗಳು ಔಷಧಿ ತಿಂದು ಗೆದ್ದವು. ನಾನು ಮೋಸ ಮಾಡಿದೆ. ನನಗೆ ಗೊತ್ತಿತ್ತು. ಮಕ್ಕಳು ಇದ್ದಾರೆ, ಅದಕ್ಕೇ ಹೇಳು.” ಆಮೇಲೆ, ಇನ್ನೂ ಮೆಲ್ಲಗೆ, “ಪ್ಲೀಸ್,” ಎಂದಳು.

ದುಗ್ಗಣ್ಣ ಮುಂದೆ ಬಾಗಿ, “ಮೇಡಂ ಎರಡು ಮಾತು ಹೇಳಿದ್ರಲ್ವಾ? ಕನ್ನಡದಲ್ಲಿ ಹೇಳಿ ವತ್ಸಲಕ್ಕ, ನಮ್ಮ ಅಮ್ಮಂದಿರು ಎಲ್ಲ ಕೂತಿದ್ದಾರೆ,” ಎಂದರು. ಊರಿಂದ ಬಂದ ಮುದುಕಿಯರು ಮೊದಲ ಸಾಲಿನಲ್ಲಿ ಸ್ವೆಟರು ಹಾಕಿಕೊಂಡು ಕಾಯುತ್ತಿದ್ದರು. ವತ್ಸಲಾ ಮೈಕು ಹಿಡಿದಳು. ಹೇಳಬೇಕಾದದ್ದು ಮೂರೇ ವಾಕ್ಯ, ಮೂರೂ ಕನ್ನಡದಲ್ಲಿ ಸಲೀಸಾಗಿ ಬರುವಂಥವು. ಮಾತ್ರೆ ತಿಂದೆ, ಮೋಸ ಮಾಡಿದೆ, ಗೊತ್ತಿತ್ತು. ಮೊದಲನೆಯದನ್ನು ಹೇಳಿದರೆ ಮೂರನೆಯದು ಯಾರ ಬಾಯಿಂದ ಯಾರ ಮಾತಾಗಿ ಹೊರಡುತ್ತದೋ. ದುಗ್ಗಣ್ಣನ ಮುಖ ಏನಾಗುತ್ತದೆ, ಸಭೆಯಲ್ಲಿ ಎಂಥ ಮೌನ ಬೀಳುತ್ತದೆ, ಇಂಥವಳನ್ನು ಕರೆತಂದವಳು ಎಂದು ತನ್ನನ್ನು ಮುಂದೆ ಹೇಗೆ ನೋಡುತ್ತಾರೆ ಎಂಬುದೆಲ್ಲ ಒಟ್ಟಿಗೆ ಕಂಡಿತು. “ರೋಸ್ವಿತಾ ಅವರು ಹೇಳ್ತಿದಾರೆ,” ಎಂದಳು. “ಈ ಪದಕಗಳೆಲ್ಲ ದೊಡ್ಡದಲ್ಲ, ನಿಮ್ಮ ಪ್ರೀತಿಯೇ ನನಗೆ ದೊಡ್ಡದು. ನಿಮ್ಮ ಋಣವನ್ನು ನಾನು ಎಂದಿಗೂ ಮರೆಯಲಾರೆ.”

ಮುದುಕಿಯರು ಮೊದಲು ತಟ್ಟಿದರು. ಆಮೇಲೆ ಎಲ್ಲರೂ. ಒಬ್ಬರು ಎದ್ದು ನಿಂತರು, ಅವರನ್ನು ನೋಡಿ ಹಿಂದಿನ ಸಾಲುಗಳೂ ಎದ್ದವು, ಮಕ್ಕಳು ‘ರೋಸ್ವಿತಾ ಆಂಟಿ’ ಎಂದು ಕೂಗಿದರು. ರೋಸ್ವಿತಾ ಏನೂ ತೋಚದವಳಂತೆ ಅವರನ್ನೇ ನೋಡುತ್ತಿದ್ದಳು. ಆಕೆಯ ಗಲ್ಲ ನಡುಗತೊಡಗಿತು. ಆಗ ವತ್ಸಲಾಗೆ ಹೊಳೆಯಿತು, ಆಕೆ ಏನೆಂದು ತಿಳಿದುಕೊಂಡಳೆಂದು. ಮೋಸ ಮಾಡಿದೆನೆಂದು ಕೇಳಿದ ಮೇಲೂ ಈ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆಂದು ಆಕೆ ತಿಳಿದಿದ್ದಳು. ರೋಸ್ವಿತಾ ಎರಡೂ ಕೈ ಜೋಡಿಸಿ, ಇಲ್ಲಿಯವರು ಮಾಡುವುದನ್ನು ಕಂಡ ಹಾಗೆ, ಸಭೆಗೆ ತಲೆ ಬಾಗಿಸಿದಳು. ಆಮೇಲೆ ವತ್ಸಲಾಳನ್ನು ಹಾರ ಶಾಲುಗಳ ಸಮೇತ ತಬ್ಬಿಕೊಂಡಳು. “ನನ್ನೂರಿನಲ್ಲಿ ಯಾರೂ ಹೀಗೆ ಮಾಡಲಿಲ್ಲ,” ಎಂದಳು ಕಿವಿಯ ಹತ್ತಿರ. “ಥ್ಯಾಂಕ್ಯೂ. ನೀನು ಹೇಳಿದೆ. ಈ ಫ್ರೇಮನ್ನು ನನ್ನ ಮನೆಯ ಗೋಡೆಗೆ ಹಾಕುತ್ತೇನೆ.” ವತ್ಸಲಾಳ ಕೈಯಿಂದ ಅದನ್ನು ತೆಗೆದುಕೊಂಡು ಎದೆಗವಚಿಕೊಂಡು ವೇದಿಕೆಯಿಂದ ಇಳಿದಳು. ವತ್ಸಲಾಳ ಕುತ್ತಿಗೆಯ ಮೇಲೆ ಆಕೆಯ ಕಣ್ಣೀರು ಒದ್ದೆಯಾಗಿ ಉಳಿದಿತ್ತು, ಅದನ್ನು ಒರೆಸಿಕೊಳ್ಳುವುದಕ್ಕೂ ಅವಳಿಗೆ ಕೈ ಏಳಲಿಲ್ಲ.

ವೆಂಕಟರಾಮು ಕುರ್ಚಿ ಜೋಡಿಸಲು ಉಳಿದುಕೊಂಡ. ವತ್ಸಲಾ ಮಗಳನ್ನು ಕೂರಿಸಿಕೊಂಡು ಕಾರು ಹೊರಡಿಸಿದಳು. ಇಳಿಬಿಸಿಲು ಇನ್ನೂ ಇತ್ತು. ರಸ್ತೆಯ ಎರಡೂ ಕಡೆ ಕಟ್ಟುತ್ತಿರುವ ವಿಲ್ಲಾಗಳು. ಜಾಹ್ನವಿ ಬುಟ್ಟಿಯಿಂದ ಉದುರಿದ ಒಂದು ಸೇಬನ್ನು ಕೈಯಲ್ಲಿ ಹೊರಳಿಸುತ್ತ, ತಿನ್ನದೆ, ಎರಡು ಸಲ ಅಮ್ಮನ ಕಡೆ ನೋಡಿದಳು.

“ಅಮ್ಮಾ, ರೋಸ್ವಿತಾ ಆಂಟಿ ಮೆಡಿಸಿನ್ ತಿಂದೆ ಅಂದ್ರು. ಚೀಟ್ ಮಾಡ್ದೆ ಅಂದ್ರು. ನಾನು ಅಲ್ಲೇ ಇದ್ದೆ. ನೀನು ಅದು ಹೇಳಿಲ್ಲ.”

“ಅದನ್ನೇ ಹೇಳಿದ್ದು ನಾನು.”

“ಇಲ್ಲಮ್ಮಾ. ನೀನು ಲವ್... ಪ್ರೀತಿ ದೊಡ್ಡದು ಅಂತ ಏನೋ...”

ಇಲ್ಲಿ ನಿಜ ಹೇಳಬಹುದಿತ್ತು. ಕಾರಿನಲ್ಲಿ ಸಭೆಯಿರಲಿಲ್ಲ, ದುಗ್ಗಣ್ಣನಿರಲಿಲ್ಲ, ಚಪ್ಪಾಳೆ ಇರಲಿಲ್ಲ. ಹನ್ನೊಂದು ವರ್ಷದ ಒಂದು ಮಗು, ಕಣ್ಣಿಟ್ಟು ಕಾಯುತ್ತಿತ್ತು. “ಜಾಹ್ನವಿ,” ಎಂದಳು ವತ್ಸಲಾ, “ನಿಂಗೆ ಕನ್ನಡ ಎಷ್ಟು ಬರತ್ತೆ ಹೇಳು? ಅಜ್ಜಿ ಫೋನ್ ಮಾಡಿದ್ರೆ ಎರಡು ಮಾತು ನೆಟ್ಟಗೆ ಆಡಕ್ಕಾಗಲ್ಲ. ನಾನು ಅಲ್ಲಿ ಹೇಳಿದ್ದು ದೊಡ್ಡ ಕನ್ನಡ. ನಿಂಗೆ ಅರ್ಥ ಆಗಿಲ್ಲ, ಅಷ್ಟೆ.”

ಮಗಳ ಕಿವಿ ಕೆಂಪಾಯಿತು. ಅವಳು ತಲೆ ತಗ್ಗಿಸಿ, ತಾನು ಕೇಳಿದ್ದನ್ನು ಒಳಗೇ ಇನ್ನೊಂದು ಸಲ ಕೇಳಿಸಿಕೊಳ್ಳುತ್ತಿರುವಂತೆ ತುಟಿ ಅಲ್ಲಾಡಿಸಿದಳು. ಸಿಗ್ನಲ್ ಕೆಂಪಿತ್ತು. ವತ್ಸಲಾ ಮುಂದಿನ ಲಾರಿಯ ಹಿಂಬದಿಯನ್ನೇ ನೋಡುತ್ತ ಸ್ಟೀರಿಂಗ್ ಹಿಡಿದು ಕೂತಿದ್ದಳು.

“ಸಾರಿ ಅಮ್ಮ,” ಎಂದಳು ಜಾಹ್ನವಿ, ಕೊನೆಗೆ. “ನಂಗೇ ಅರ್ಥ ಆಗ್ಲಿಲ್ಲ.”

“ಪರವಾಗಿಲ್ಲ ಬಿಡು,” ಎಂದಳು ವತ್ಸಲಾ.